974ರ ಒಗಟು: ತಾಮ್ರದ ಕಿಲುಬು ಮತ್ತು ರಾಮನ್ ರೋಹಿತ

ಕೊನೆಗೂ ಇತ್ಯರ್ಥವಾಯಿತು. ತಾಮ್ರದ ತಗಡಿನ ಮೇಲೆ ಬೆಳೆಸಿದ ಹಸಿರು ಕಿಲುಬು ಕ್ಲೋರೈಡ್, ಸಲ್ಫೇಟ್ ಅಲ್ಲ. ಇದನ್ನು ಹೇಳಿದ್ದು ಇಷ್ಟು ಕಾಲ ನಾನು ದಿಟ್ಟಿಸುತ್ತ ಕುಳಿತಿದ್ದ 974ರ ಶಿಖರವಲ್ಲ. ಅದಕ್ಕಿಂತ ಬಹುದೂರ, ಕೆಂಪು ಬೆಳಕಿನ ಕಡೆ, 650 ನ್ಯಾನೊಮೀಟರಿನ ಆಸುಪಾಸಿನಲ್ಲಿ ಎದ್ದ ಗೆರೆಗಳು. ಉಪಕರಣದ ಜೋಡಣೆ, ಸೀಳುಗಂಡಿಯ ಹೊಂದಾಣಿಕೆ, ಕತ್ತಲೆಯ ಹಿನ್ನೆಲೆ ಕಳೆಯುವ ಲೆಕ್ಕ ಇವೆಲ್ಲ ಈ ಹವ್ಯಾಸದಲ್ಲಿ ಇರುವವರಿಗೆ ಗೊತ್ತಿರುವುದೇ. ಅವನ್ನು ಬಿಟ್ಟು ನೇರವಾಗಿ ಈ ಒಂದು ತೊಡಕಿಗೆ ಬರುತ್ತೇನೆ. ಕೆಳಗೆ ಘಟಕವಿಲ್ಲದೆ ಬರುವ ಶಿಖರದ ಸಂಖ್ಯೆಗಳೆಲ್ಲ ರಾಮನ್ ಶಿಫ್ಟ್, ಅಂದರೆ ಮಾದರಿಯಿಂದ ಚದುರಿದ ಬೆಳಕು ಲೇಸರಿನ ಬಣ್ಣದಿಂದ ಎಷ್ಟು ಜಾರಿದೆ ಎಂಬ, ಪ್ರತಿ ಸೆಂಟಿಮೀಟರಿನ ಲೆಕ್ಕ. ಲೇಸರ್, ಫಿಲ್ಟರ್, ದೀಪ, ಬೆಳಕಿನ ಬಣ್ಣಗಳ ಸಂಖ್ಯೆಗಳು ನ್ಯಾನೊಮೀಟರಿನವು.

ಜೋಡಣೆ ಇಷ್ಟು: 532ರ ಹಸಿರು ಲೇಸರ್, ಬೆಳಕನ್ನು ಬಣ್ಣಗಳಾಗಿ ಬಿಡಿಸಲು ಮಿಲಿಮೀಟರಿಗೆ 1800 ಗೆರೆಗಳ ಗ್ರೇಟಿಂಗ್, 200 ಮಿಲಿಮೀಟರ್ ಸಂಗಮದೂರ, ತೋಶಿಬಾ ಟಿಸಿಡಿ1304 ಸಂವೇದಕ. ಒಂದು ಸಲಕ್ಕೆ ಸುಮಾರು 70 ನ್ಯಾನೊಮೀಟರ್ ಅಗಲದ ರೋಹಿತ ಸಿಗುತ್ತದೆ. ಮಾದರಿಗಳು ತಾಮ್ರ, ಹಿತ್ತಾಳೆ ಮತ್ತು ತವರದ ಕಂಚಿನ ತುಂಡುಗಳು. ಉಪ್ಪುಕಾಗದದಿಂದ ಉಜ್ಜಿ, ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣ ಬಳಿದು, ಅಮೋನಿಯ ಆವಿಯಲ್ಲಿ ಇಟ್ಟು ಬೆಳೆಸಿದ ಕಿಲುಬು ಅವುಗಳ ಮೇಲಿದೆ. ಇವುಗಳ ಜೊತೆಗೆ ಒಂದು ಹಳೆಯ ಎರಕದ ತುಂಡು, ಸೀಸ ಬೆರೆತ ಕಂಚು. ಅಸಲಿಗೆ ಈ ಕೆಲಸವೆಲ್ಲ ಶುರುವಾದದ್ದು ಅದಕ್ಕಾಗಿಯೇ. ಅದರ ಮೇಲಿನ ಹಸಿರು ಚುಕ್ಕೆಗಳು ಸುಮ್ಮನೆ ಕೂತಿವೆಯೋ, ಲೋಹವನ್ನು ತಿನ್ನುತ್ತಿವೆಯೋ ತಿಳಿಯಬೇಕಿತ್ತು.

ಕಣ್ಣಿಗೆ ಎರಡೂ ಹಸಿರೇ. ಬ್ರೋಕಾಂಟೈಟ್ ಎಂಬ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಕೆಳಗಿನ ಲೋಹಕ್ಕೆ ಕವಚವಾಗುತ್ತದೆ. 1886ರಿಂದ ಬಂದರಿನ ಗಾಳಿಯಲ್ಲಿ ನಿಂತಿರುವ ಲಿಬರ್ಟಿ ಪ್ರತಿಮೆಯ ಹಸಿರಿನಲ್ಲಿ ಹೆಚ್ಚಿನ ಪಾಲು ಇದರದೇ. ಕ್ಲೋರೈಡ್ ಗುಂಪಿನ ಅಟಕಮೈಟ್, ಕ್ಲೈನೋಅಟಕಮೈಟ್‌ಗಳ ಕಥೆ ಬೇರೆ. ಅವುಗಳ ಅಡಿಯಲ್ಲಿ ತಾಮ್ರದ ಇನ್ನೊಂದು ಕ್ಲೋರೈಡ್ ಆದ ನಾಂಟೊಕೈಟ್ ಅಡಗಿದ್ದರೆ ಕಂಚಿನ ರೋಗ ಹತ್ತಿದೆ ಎಂದೇ ಅರ್ಥ. ನಾಂಟೊಕೈಟ್‌ಗೆ ತೇವ ಮತ್ತು ಆಮ್ಲಜನಕ ಸಿಕ್ಕಿದರೆ ಹಸಿರು ಪುಡಿಯ ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಒಳಗಿನ ತಾಮ್ರವನ್ನು ತಿಂದು ಮತ್ತೆ ನಾಂಟೊಕೈಟ್ ಕಟ್ಟುತ್ತದೆ. ಚಕ್ರ ತಾನಾಗಿ ನಿಲ್ಲುವುದಿಲ್ಲ. ನಾಂಟೊಕೈಟನ್ನೇ ನೇರವಾಗಿ ನೋಡೋಣವೆಂದರೆ ರಾಮನ್‌ನಲ್ಲಿ ಅದರ ಗೆರೆಗಳು ತೀರಾ ಮಂದ. ಹಾಗಾಗಿ ಮೇಲೆ ಕಾಣುವ ಹಸಿರಿನ ಜಾತಿಯನ್ನೇ ಖಚಿತವಾಗಿ ಗುರುತಿಸಬೇಕು.

ಬೆಳ್ಳಿ ನೈಟ್ರೇಟ್ ಹಾಕಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೆರೆದು ತೆಗೆದ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಬೆಳ್ಳಿ ನೈಟ್ರೇಟ್ ಹನಿಸಿದರೆ ಕ್ಲೋರೈಡ್ ಇದ್ದಲ್ಲಿ ಬಿಳಿ ಗಸಿ ಬರುತ್ತದೆ, ನಿಜ. ಆದರೆ ಅದು ಕ್ಲೋರೈಡ್ ಇದೆ ಎನ್ನುತ್ತದೆಯೇ ಹೊರತು ಯಾವ ಖನಿಜದಲ್ಲಿದೆ, ಯಾವ ಚುಕ್ಕೆಯಲ್ಲಿದೆ ಎನ್ನುವುದಿಲ್ಲ. ಕೆರೆಯಲೂಬೇಕು. ಧಾತುಗಳನ್ನು ಗುರುತಿಸುವ ಎಕ್ಸ್‌ರೇ ಪ್ರತಿದೀಪ್ತಿಯೂ ಈ ಹಳೆಯ ತುಂಡಿಗೆ ಆಗಿಬರುವುದಿಲ್ಲ: ಗಂಧಕದ ಗೆರೆ 2.31 ಕಿಲೊ ಎಲೆಕ್ಟ್ರಾನ್ ವೋಲ್ಟ್, ಸೀಸದ ಎಂ ಗೆರೆ 2.34. ಸೀಸ ಬೆರೆತ ಕಂಚಿನಲ್ಲಿ ಇವೆರಡೂ ಒಂದರ ಮೈಮೇಲೆ ಇನ್ನೊಂದು ಬಿದ್ದಿರುತ್ತವೆ.

ಈಗ 974ರ ವಿಷಯ. ಸಲ್ಫೇಟ್ ಅಯಾನಿನ ಸಮಮಿತ ಕಂಪನ ಬ್ರೋಕಾಂಟೈಟ್‌ನಲ್ಲಿ 974ರ ಬಳಿ ಪ್ರಬಲ ಶಿಖರವಾಗಿ ನಿಲ್ಲುತ್ತದೆ. ಆಂಟ್ಲರೈಟ್ ಎಂಬ ಇನ್ನೊಂದು ತಾಮ್ರದ ಸಲ್ಫೇಟ್‌ನಲ್ಲಿ ಅದು 989ರ ಹತ್ತಿರಕ್ಕೆ ಹೋಗುತ್ತದೆ. ನಮ್ಮ ಲೇಸರಿಗೆ ಇವೆರಡರ ನಡುವಿನ ಅಂತರ ಅರ್ಧ ನ್ಯಾನೊಮೀಟರಿಗಿಂತ ಸ್ವಲ್ಪ ಕಡಿಮೆ, ಈ ಉಪಕರಣ ಅದನ್ನು ಸಲೀಸಾಗಿ ಬಿಡಿಸುತ್ತದೆ. ತಾಮ್ರದ ತಗಡನ್ನು ಇಟ್ಟು ನೋಡಿದರೆ 974ರಲ್ಲಿ ಸ್ಪಷ್ಟವಾದ ಶಿಖರ! ಗಂಧಕದ ಸೋಂಕೇ ಇಲ್ಲದ ಪಾಕದಲ್ಲಿ ಬೆಳೆಸಿದ ಕಿಲುಬಿನಲ್ಲಿ ಸಲ್ಫೇಟ್ ಎಲ್ಲಿಂದ ಬರಬೇಕು?

ನವಸಾಗರದ ಬಾಟಲಿಯ ಮೇಲೆ ಶುದ್ಧ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆಮ್ಲ ಬೆರೆಸಿ ಬೇರಿಯಂ ಕ್ಲೋರೈಡ್ ಹನಿಸಿದಾಗ ದ್ರಾವಣ ಮಸುಕಾಯಿತು, ಅಂದರೆ ಅದರಲ್ಲಿ ಸ್ವಲ್ಪವಾದರೂ ಸಲ್ಫೇಟ್ ಇದೆ. ಮಾರಿದವರಿಗೆ ಬರೆದು ಆ ಬ್ಯಾಚಿನ ವಿಶ್ಲೇಷಣಾ ವರದಿ ಕೇಳಿದೆ. ಬಂದ ಉತ್ತರದಲ್ಲಿ ವರದಿ ಇರಲಿಲ್ಲ, ಅದೇ ಬಾಟಲಿಯ ಇನ್ನೊಂದು ಫೋಟೊ ಇತ್ತು. ರಾಸಾಯನಿಕ ಮಾರುವವರು ಕಲ್ಮಶದ ಪ್ರಮಾಣವನ್ನು ಹೇಳಲೇಬೇಕು. ಹೇಳದಿದ್ದರೆ ಕೊಳ್ಳುವವನು ಮಾಡುವ ಪ್ರತಿ ಪ್ರಯೋಗದಲ್ಲೂ ಒಂದು ಅನುಮಾನವನ್ನು ಜೊತೆಗೆ ಮಾರಿದ ಹಾಗೆ. ಇಲ್ಲಿ ಆದದ್ದೂ ಅದೇ. ಸಲ್ಫೇಟ್ ಬರಲು ದಾರಿ ಇದೆ ಎಂದ ಮೇಲೆ 974ರ ಶಿಖರವನ್ನು ಬ್ರೋಕಾಂಟೈಟ್ ಅಲ್ಲ ಎಂದು ತಳ್ಳಿಹಾಕುವಂತಿರಲಿಲ್ಲ.

ಆದರೆ ಅಟಕಮೈಟ್‌ಗೂ 974ರಲ್ಲಿ ಒಂದು ಶಿಖರವಿದೆ. ಅದರಲ್ಲಿ ಸಲ್ಫೇಟ್ ಇಲ್ಲವೇ ಇಲ್ಲ. ಆ ಗೆರೆ ತಾಮ್ರಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪು ಬಾಗುವ ಕಂಪನದ್ದು. ಜೊತೆಗೆ 911, 846, 820ರ ಸುತ್ತ ಇನ್ನಷ್ಟು ಗೆರೆಗಳಿವೆ. ಕ್ಲೈನೋಅಟಕಮೈಟ್ ಕೂಡ 970ರ ಆಸುಪಾಸಿನಲ್ಲೇ ಸುಳಿಯುತ್ತದೆ. ಎರಡು ಬೇರೆ ಬೇರೆ ಕಂಪನಗಳು, ಎರಡು ಬೇರೆ ಬೇರೆ ಖನಿಜಗಳು, ಗೆರೆ ಮಾತ್ರ ಒಂದೇ ಜಾಗದಲ್ಲಿ. 911ನ್ನು ನೋಡಿ ತೀರ್ಮಾನಿಸಬಹುದಿತ್ತು. ಆದರೆ ಹೊಸದಾಗಿ ಬೆಳೆಸಿದ ಕಿಲುಬಿನ ಹರಳುಗಳು ತೀರಾ ಸಣ್ಣವು, ಗೆರೆಗಳು ಅಗಲ. 900ರ ಸುತ್ತ ಸಿಕ್ಕಿದ್ದು ಇಳಿಜಾರಿನ ಮೇಲಿನ ಒಂದು ಉಬ್ಬು. ಅದನ್ನು 911 ಎನ್ನಬೇಕೆಂದರೆ ಎನ್ನಬಹುದು, ಬೇಡವೆಂದರೆ ಬಿಡಬಹುದು. ಅಂಥ ಸಾಕ್ಷ್ಯ ನನಗೆ ಬೇಡ.

ಇದಕ್ಕೆಲ್ಲ ಸುಲಭದ ಉತ್ತರ 513ರಲ್ಲಿದೆ. ಅಟಕಮೈಟ್‌ನ ಅತಿ ಪ್ರಬಲ ಗೆರೆಗಳಲ್ಲಿ ಒಂದು ಅಲ್ಲೇ, ತಾಮ್ರ ಮತ್ತು ಆಮ್ಲಜನಕದ ಬಂಧದ್ದು. ಹಾಗಾದರೆ 513ನ್ನು ಏಕೆ ನೋಡಲಿಲ್ಲ? ನೋಡಲು ಫಿಲ್ಟರ್ ಬಿಡಲಿಲ್ಲ. ಲೇಸರಿನ ಗೆರೆಯನ್ನು ತಡೆಯುವ ಫಿಲ್ಟರ್ 535ರಿಂದ ತೆರೆದುಕೊಳ್ಳುತ್ತದೆ ಎಂದು ಪಟ್ಟಿಯಲ್ಲಿ ಬರೆದಿತ್ತು. ಬಂದದ್ದನ್ನು ಬಿಳಿ ದೀಪಕ್ಕೆ ಹಿಡಿದು ಅಳೆದರೆ ಅದು ಸರಿಯಾಗಿ ತೆರೆದುಕೊಳ್ಳುವುದು 550ರ ನಂತರ. ಈ 15 ನ್ಯಾನೊಮೀಟರಿನಲ್ಲಿ ನಾವು ಕಳೆದುಕೊಳ್ಳುವುದು ಏನೇನು ಎಂದು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ: 532ರ ಲೇಸರಿಗೆ 550 ಎಂದರೆ 615ರ ಶಿಫ್ಟ್. ಅದಕ್ಕಿಂತ ಕೆಳಗಿನ, ತಾಮ್ರದ ಆಕ್ಸೈಡ್‌ಗಳಾದ ಕ್ಯೂಪ್ರೈಟ್‌ನ 218, ಟೆನೊರೈಟ್‌ನ 298 ಮತ್ತು 345, ಅಟಕಮೈಟ್‌ನ 513 ಎಲ್ಲವೂ ಗೋಡೆಯ ಆಚೆ. ತಾಮ್ರದ ಕಿಲುಬಿನ ಅರ್ಧ ವಂಶಾವಳಿಯೇ ಹೋಯಿತು. ಬದಲಿ ಕೊಡಿ ಎಂದರೆ ಪೊಟ್ಟಣ ಒಡೆದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವಂತೆ. ಪೊಟ್ಟಣ ಒಡೆಯದೆ ಫಿಲ್ಟರನ್ನು ಅಳೆಯುವುದು ಹೇಗೆ ಎಂದು ಅವರೇ ಹೇಳಬೇಕು.

ಕೆಳಗಿನ ದಾರಿ ಮುಚ್ಚಿದ್ದರಿಂದ ಮೇಲಕ್ಕೆ ಹೋದೆ. ಈ ಖನಿಜಗಳಲ್ಲೆಲ್ಲ ಹೈಡ್ರಾಕ್ಸಿಲ್ ಇದೆ, ಹಾಗಾಗಿ 3200ರಿಂದ 3600ರವರೆಗೆ ಅದು ಹಿಗ್ಗುವ ಕಂಪನದ ಗೆರೆಗಳು ಇರಲೇಬೇಕು. ಬ್ರೋಕಾಂಟೈಟ್‌ನಲ್ಲಿ 3587 ಮತ್ತು 3564ರ ಬಳಿ ಚೂಪಾದ ಜೋಡಿ. ಅಟಕಮೈಟ್‌ನಲ್ಲಿ 3434ರ ಹತ್ತಿರ ಒಂದು, 3350ರ ಕಡೆ ಇನ್ನೊಂದು. ಕ್ಲೈನೋಅಟಕಮೈಟ್‌ನಲ್ಲಿ ಮೂರು: 3443, 3356, 3312ರ ಸುತ್ತ. ಕ್ಲೋರೈಡ್‌ಗಳಿಗೆ 3500ರ ಮೇಲೆ ಏನೂ ಇಲ್ಲ. ಪ್ರಶ್ನೆ ಎಷ್ಟು ಸರಳವಾಯಿತು ನೋಡಿ: 3500ರ ಮೇಲೆ ಜೋಡಿ ಗೆರೆ ಇದೆಯೋ ಇಲ್ಲವೋ?

532ರ ಲೇಸರಿಗೆ ಈ ಪ್ರದೇಶ 641ರಿಂದ 658 ನ್ಯಾನೊಮೀಟರಿನ ನಡುವೆ ಬೀಳುತ್ತದೆ. ಗ್ರೇಟಿಂಗ್ ತಿರುಗಿಸಿ ಹೊಸ ಕಿಟಕಿಗೆ, ಅಂದರೆ ರೋಹಿತದ ಇನ್ನೊಂದು ಭಾಗಕ್ಕೆ ಹೋಗಬೇಕು, ಅಷ್ಟೇ. ಅಲ್ಲಿ ಹೋದ ಮೇಲೆ ಸಿಕ್ಕ ಅನುಕೂಲಗಳು ನಿಜಕ್ಕೂ ಖುಷಿ ಕೊಟ್ಟವು. ಮೊದಲ ಕಿಟಕಿಯಲ್ಲಿ, ತರಂಗಾಂತರದ ಗುರುತಿಗೆ ಬಳಸುವ ನಿಯಾನ್ ದೀಪ 540ರಿಂದ 585ರವರೆಗೆ ಬರಿದು, ಹೇಳಿಕೊಳ್ಳುವಂಥ ಗೆರೆಯಿಲ್ಲ. ಪಾದರಸದ 577, 579 ಗೆರೆಗಳನ್ನು ಎರವಲು ತರಬೇಕು. ಸಿಎಫ್‌ಎಲ್ ದೀಪವಾದರೆ 546ರ ಪಾದರಸದ ಗೆರೆಗೆ ಟರ್ಬಿಯಂನ ಹೊಳಪು ಅಂಟಿಕೊಂಡಿರುತ್ತದೆ, ಹುಷಾರಾಗಿರಬೇಕು. ಎರಡನೆಯ ಕಿಟಕಿಯಲ್ಲಿ ನಿಯಾನ್ ಧಾರಾಳ: 640.22, 650.65, 653.29, 659.89. ನಮಗೆ ಬೇಕಾದ ಜಾಗದ ಎರಡೂ ಬದಿಗೆ ಮತ್ತು ನಟ್ಟನಡುವೆ ಗೂಟ ನೆಟ್ಟಂತೆ. ಇನ್ನೊಂದು ಲಾಭ, 561ರ ಬಳಿ ಒಂದು ನ್ಯಾನೊಮೀಟರ್ ಎಂದರೆ 32ರಷ್ಟು ಶಿಫ್ಟ್. 650ರ ಬಳಿ ಅದು 24ಕ್ಕಿಂತ ಕಡಿಮೆ. ಅದೇ ಸೀಳುಗಂಡಿ, ಅದೇ ಗ್ರೇಟಿಂಗ್, ಆದರೂ ಗೆರೆಗಳು ಹೆಚ್ಚು ಬಿಡಿಯಾಗಿ ನಿಲ್ಲುತ್ತವೆ.

ರಾಮನ್ ಗೆರೆಗಳನ್ನು ಮುಚ್ಚಿಹಾಕುವ ಪ್ರತಿದೀಪ್ತಿಯ ಕಾಟ ತಪ್ಪಿಸಲು 785ರ ಲೇಸರ್ ಕೊಳ್ಳಿ ಎಂಬುದು ಎಲ್ಲರ ಸಲಹೆ. ತಾಮ್ರದ ಹಸಿರಿಗೆ ಅದು ಹೊಂದುವುದಿಲ್ಲ ಎಂದು ನನಗೆ ಖಾತ್ರಿಯಾಗಿದೆ. 785ರಿಂದ 3400ರ ಶಿಫ್ಟ್ ಎಂದರೆ 1070 ನ್ಯಾನೊಮೀಟರ್, ಅಲ್ಲಿಗೆ ಹೋಗುವಷ್ಟರಲ್ಲಿ ಸಿಲಿಕಾನ್ ಸಂವೇದಕ ಕುರುಡು. ಎರಡನೆಯದಾಗಿ, ಈ ಖನಿಜಗಳು ಹಸಿರಾಗಿ ಕಾಣುವುದೇ ಅವು ಕೆಂಪು ಮತ್ತು ಅದರಾಚೆಯ ಬೆಳಕನ್ನು ಹೀರುವುದರಿಂದ. ಎರಡು ವಿದ್ಯುದಂಶದ ತಾಮ್ರದ ಅಯಾನು 700ರಿಂದ 900ರ ಸುಮಾರಿಗೆ ಬೆಳಕನ್ನು ಗಟಗಟ ಕುಡಿಯುತ್ತದೆ. 785 ಬಿದ್ದರೆ ಕಿಲುಬು ಕಾಯುತ್ತದೆ, ಕರಕಾಗುತ್ತದೆ. 532 ಅವು ಹಿಂದಕ್ಕೆ ಕಳಿಸುವ ಬಣ್ಣದ ಹತ್ತಿರವೇ ಇದೆ.

ಹೀಗೆ ಲೆಕ್ಕ ಹಾಕಿದ ಮೇಲೂ ಚುಕ್ಕೆ ಕಪ್ಪಾಗುತ್ತಿತ್ತು! ಬಲಿಗೆಂದೇ ಇಟ್ಟುಕೊಂಡ ತುಂಡಿನ ಮೇಲೆ ಲೇಸರ್ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ತಿಳಿಹಸಿರು ಪುಡಿಯ ನಡುವೆ ಮೊದಲು ಕಂದು ನೆರಳು, ಆಮೇಲೆ ಸೂಜಿಮೊನೆಯಷ್ಟು ಕಪ್ಪು, ಅದರ ಸುತ್ತ ಬಣ್ಣಗೆಟ್ಟ ಹಳದಿ ಉಂಗುರ. ಹೈಡ್ರಾಕ್ಸಿಲ್ ಹಾರಿಹೋಗಿ ಟೆನೊರೈಟ್ ಉಳಿಯುತ್ತಿದೆ ಎಂಬುದು ಸ್ಪಷ್ಟ. ಟೆನೊರೈಟ್‌ನ ಗೆರೆಗಳನ್ನು ಫಿಲ್ಟರ್ ನುಂಗಿರುವುದರಿಂದ ಕಣ್ಣೇ ಸಾಕ್ಷಿ. ಹೊಳಪು ತಗ್ಗಿಸುವ ಬೂದು ಗಾಜು ಇಟ್ಟು ಹಸಿರು ಬೆಳಕನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೂ ಕಪ್ಪಾಗುವುದು ನಿಲ್ಲಲಿಲ್ಲ, ಅಷ್ಟಾಗಿ ನಿಧಾನವಾಗಲೂ ಇಲ್ಲ. ತಲೆ ಚಿಟ್ಟು ಹಿಡಿಸಿದ್ದು ಈ ಘಟ್ಟ.

ಕಾರಣ ಲೇಸರಿನ ಹೊಟ್ಟೆಯಲ್ಲಿತ್ತು. ಈ ಹಸಿರು ಲೇಸರುಗಳಲ್ಲಿ 808ರ ಡಯೋಡ್ ಒಂದು ಹರಳನ್ನು ಚೋದಿಸುತ್ತದೆ, ಹರಳು 1064 ಕೊಡುತ್ತದೆ, ಇನ್ನೊಂದು ಹರಳು ಅದನ್ನು ಇಮ್ಮಡಿಸಿ 532 ಮಾಡುತ್ತದೆ. ಉಳಿದ 808 ಮತ್ತು 1064 ಹೊರಬರದಂತೆ ತುದಿಯಲ್ಲಿ ಒಂದು ತಡೆಗಾಜು ಇರಬೇಕು. ಕಿರಣವನ್ನು ಗ್ರೇಟಿಂಗ್ ಮೇಲೆ ಬಿಟ್ಟು, ಇನ್‌ಫ್ರಾರೆಡ್ ತಡೆ ತೆಗೆದ ವೆಬ್‌ಕ್ಯಾಮಿನಲ್ಲಿ ನೋಡಿದೆ. ಕಣ್ಣಿಗೆ ಕತ್ತಲಾಗಿದ್ದ ಜಾಗದಲ್ಲಿ ಎದ್ದು ಕಾಣುವ ಇನ್ನೊಂದು ಚುಕ್ಕೆ! ಕೋನ ಅಳೆದರೆ 808. ಕಿಲುಬು ಅತಿ ಹೆಚ್ಚು ಹೀರುವ ಬಣ್ಣವೇ ತಡೆಯಿಲ್ಲದೆ ಅದರ ಮೇಲೆ ಸುರಿಯುತ್ತಿತ್ತು. ಬೂದು ಗಾಜು ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ತಗ್ಗಿಸುತ್ತದೆ. ಅಂಥ ಹಲವು ಗಾಜುಗಳು ಇನ್‌ಫ್ರಾರೆಡನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತವೆ. ತಡೆಗಾಜಿಲ್ಲದ ಲೇಸರನ್ನು ತಡೆಗಾಜಿದೆ ಎಂದು ಮಾರುವುದು ಬರೀ ವ್ಯಾಪಾರದ ಅಪ್ರಾಮಾಣಿಕತೆಯಲ್ಲ, ಕಣ್ಣಿಗೆ ಅಪಾಯ. ಹಸಿರು ಬೆಳಕಿಗೆ ಮಾತ್ರ ಹೊಂದುವ ಕನ್ನಡಕ ಹಾಕಿಕೊಂಡವನಿಗೆ ಕಾಣದ ಕಿರಣ ನೇರ ಒಳಗೆ ಹೋಗುತ್ತದೆ. ಅಗ್ಗದ ಹಸಿರು ಲೇಸರ್ ಇರುವವರೆಲ್ಲ ಈ ವೆಬ್‌ಕ್ಯಾಮ್ ಪರೀಕ್ಷೆಯನ್ನು ದಯವಿಟ್ಟು ಮಾಡಿ.

ಹಳೆಯ ಕ್ಯಾಮೆರಾದಿಂದ ತೆಗೆದ ಇನ್‌ಫ್ರಾರೆಡ್ ತಡೆಗಾಜನ್ನು ಲೇಸರಿನ ಮುಂದೆ ನಿಲ್ಲಿಸಿದ ಮೇಲೆ ಕಪ್ಪಾಗುವುದು ನಿಂತಿತು. ಬೆಳಕನ್ನು ಒಂದೇ ಬಿಂದುವಿಗೆ ಕೂಡಿಸುವ ಬದಲು ಉರುಳೆ ಮಸೂರದಿಂದ ಗೆರೆಯಾಗಿ ಹರಡಿದೆ. ಸೀಳುಗಂಡಿಯೂ ಗೆರೆಯೇ ಆದ್ದರಿಂದ ಬೆಳಕು ನಷ್ಟವಾಗುವುದಿಲ್ಲ. ಒಂದೇ ದೀರ್ಘ ಚಿತ್ರದ ಬದಲು ಚಿಕ್ಕ ಚಿಕ್ಕ ಚಿತ್ರಗಳನ್ನು ತೆಗೆದು, ಮೊದಲನೆಯದರಲ್ಲೂ ಕೊನೆಯದರಲ್ಲೂ 3400ರ ಗೆರೆಗಳ ಎತ್ತರ ಒಂದೇ ಇದೆಯೇ ಎಂದು ಹೋಲಿಸುತ್ತೇನೆ. ಇಳಿದಿದ್ದರೆ ಆ ಜಾಗ ಸುಟ್ಟಿದೆ, ಆ ದತ್ತಾಂಶ ಕಸದ ಬುಟ್ಟಿಗೆ.

ಇನ್ನು ಲೇಸರಿನ ಅಲೆದಾಟ. ನಿಯಾನ್ ನಮಗೆ ತರಂಗಾಂತರ ಹೇಳುತ್ತದೆ, ಶಿಫ್ಟ್ ಹೇಳುವುದಿಲ್ಲ. ಶಿಫ್ಟ್ ತಿಳಿಯಲು ಲೇಸರ್ ಆ ಗಳಿಗೆಯಲ್ಲಿ ಎಲ್ಲಿದೆ ಎಂದೂ ಗೊತ್ತಿರಬೇಕು. 532ರಲ್ಲಿ 0.1 ನ್ಯಾನೊಮೀಟರ್ ಜಾರಿದರೆ ಎಲ್ಲ ಗೆರೆಗಳೂ ಮೂರೂವರೆಯಷ್ಟು ಜಾರುತ್ತವೆ. ಅಟಕಮೈಟ್‌ನ 3434ಕ್ಕೂ ಕ್ಲೈನೋಅಟಕಮೈಟ್‌ನ 3443ಕ್ಕೂ ಇರುವ ಅಂತರವೇ ಒಂಬತ್ತು. ಪರಿಹಾರ ಪಾಲಿಸ್ಟೈರೀನ್, ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳದ ಒಂದು ಚೂರು ಸಾಕು. ಅದರ 1001.4 ಮೊದಲ ಕಿಟಕಿಗೆ, 3054.3 ಎರಡನೆಯ ಕಿಟಕಿಗೆ. ಪ್ರತಿ ಮಾದರಿಗೆ ಮೊದಲು ಮತ್ತು ಆಮೇಲೆ ಅದನ್ನು ನೋಡಿ ಲೇಸರಿನ ಸ್ಥಾನವನ್ನು ಲೆಕ್ಕ ಹಾಕುತ್ತೇನೆ. ಎರಡು ಓದುಗಳಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ನಡುವಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋಲಿಕೆಗೆ ನಿಜವಾದ ಬ್ರೋಕಾಂಟೈಟ್ ಬೇಕಿತ್ತು. ಖನಿಜ ಮಾರುವವರೊಬ್ಬರು ಬ್ರೋಕಾಂಟೈಟ್ ಎಂದು ಚೀಟಿ ಅಂಟಿಸಿ ಕಳಿಸಿದ ಕಲ್ಲು 1492ರಲ್ಲಿ ಎತ್ತರದ ಶಿಖರ ತೋರಿಸಿತು, 974ರಲ್ಲಿ ಏನೂ ಇಲ್ಲ. ಅದು ತಾಮ್ರದ ಕಾರ್ಬೊನೇಟ್ ಆದ ಮ್ಯಾಲಕೈಟ್, ಆಮ್ಲ ತಾಗಿಸಿದೊಡನೆ ನೊರೆಯೂ ಬಂತು. ಕೊನೆಗೆ ನಾನೇ ತಯಾರಿಸಿದೆ: ಮೈಲುತುತ್ತದ ಬಿಸಿ ದ್ರಾವಣಕ್ಕೆ ತೆಳುವಾದ ಕಾಸ್ಟಿಕ್ ಸೋಡಾ ಹನಿಹನಿಯಾಗಿ, ತಾಮ್ರವೆಲ್ಲ ಇಳಿಯದಷ್ಟು ಕಡಿಮೆ ಪ್ರಮಾಣದಲ್ಲಿ ಸೇರಿಸಿ, ಗಸಿಯನ್ನು ಬಿಸಿಯಲ್ಲೇ ಹದವಾಗಲು ಬಿಟ್ಟು ತೊಳೆದೆ. 974 ಬಂತು, 3587 ಮತ್ತು 3564ರ ಜೋಡಿಯೂ ಬಂತು.

ಈಗ ತಾಮ್ರದ ತಗಡು. 3434ರ ಬಳಿ ಒಂದು ಶಿಖರ, 3350ರ ಬಳಿ ಸ್ವಲ್ಪ ಅಗಲವಾದ ಇನ್ನೊಂದು. 3500ರ ಮೇಲೆ ನೇರ ಗೆರೆ, ಗದ್ದಲ ಬಿಟ್ಟರೆ ಏನೂ ಇಲ್ಲ. ಅಟಕಮೈಟ್. ಬಾಟಲಿಯಲ್ಲಿದ್ದ ಸಲ್ಫೇಟ್ ಎಲ್ಲಿ ಹೋಯಿತೋ, ಈ ಉಪಕರಣಕ್ಕೆ ಕಾಣುವಷ್ಟು ಬ್ರೋಕಾಂಟೈಟ್ ಅಂತೂ ಆಗಿಲ್ಲ.

ಹಿತ್ತಾಳೆಯ ತುಂಡನ್ನು ಬೇಕೆಂದೇ ಬದಿಗಿಟ್ಟಿದ್ದೇನೆ. 1996ರಲ್ಲಿ ಕ್ಲೈನೋಅಟಕಮೈಟ್ ಬೇರೆಯೇ ಖನಿಜ ಎಂದು ಗುರುತಿಸುವ ತನಕ ಕಿಲುಬಿನಲ್ಲಿ ಸಿಕ್ಕ ಅಂಥದ್ದಕ್ಕೆಲ್ಲ ಪ್ಯಾರಟಕಮೈಟ್ ಎಂಬ ಹೆಸರು ಬೀಳುತ್ತಿತ್ತು. ನಿಜವಾದ ಪ್ಯಾರಟಕಮೈಟ್ ನಿಲ್ಲಲು ಸತು ಅಥವಾ ನಿಕ್ಕಲ್ ಬೇಕು. ಹಿತ್ತಾಳೆಯಲ್ಲಿ ಸತುವಿಗೆ ಬರವಿಲ್ಲ! ಸತು ಸೇರಿದಷ್ಟೂ ಹೈಡ್ರಾಕ್ಸಿಲ್ ಗೆರೆಗಳು ಜಾರುತ್ತವೆಯೇ, ಜಾರಿದರೆ ಯಾವ ಕಡೆಗೆ ಎಂದು ಒಂದು ಪೂರ್ತಿ ಸರಣಿ ಮಾಡುವ ಆಸೆಯಿದೆ. ಅದಕ್ಕೂ ಮುಂಚೆ ಭಾರಜಲದ ಪ್ರಯೋಗ. ಕಿಲುಬನ್ನು ಭಾರಜಲದ ಪಾಕದಲ್ಲಿ ಬೆಳೆಸಿದರೆ ಹೈಡ್ರಾಕ್ಸಿಲ್‌ನ ಹೈಡ್ರೊಜನ್ ಜಾಗದಲ್ಲಿ ಡ್ಯೂಟೀರಿಯಂ ಕೂರುತ್ತದೆ. ಹೈಡ್ರಾಕ್ಸಿಲ್ ಬಾಗುವ 974 ಹಾಗಾದರೆ 700ರ ಕಡೆಗೆ ಇಳಿಯಬೇಕು, ಸಲ್ಫೇಟ್‌ನ 974 ಇದ್ದಲ್ಲೇ ಇರಬೇಕು. 700 ಎಂದರೆ 552 ನ್ಯಾನೊಮೀಟರಿಗಿಂತ ತುಸು ಮೇಲೆ, ಆ ಹಾಳು ಫಿಲ್ಟರಿನ ಅಂಚಿನಿಂದ ಕೂದಲೆಳೆಯಷ್ಟು ಈಚೆಗೆ. ನೋಡಿಯೇ ತೀರುತ್ತೇನೆ.

ಹಳೆಯ ಕಂಚಿನ ತುಂಡಿನ ಮೇಲೆ ಎರಡು ಕಡೆ ಓದಿದೆ. ನಯವಾದ ಕಡುಹಸಿರು ಬಯಲಿನಲ್ಲಿ 3587 ಮತ್ತು 3564ರ ಜೋಡಿ, ಜೊತೆಗೆ 2850ರಿಂದ 2930ರವರೆಗೆ ಎತ್ತರದ ಗುಂಪು. ಇಂಗಾಲ ಮತ್ತು ಹೈಡ್ರೊಜನ್ ಬಂಧದ ಗೆರೆಗಳು ಅವು; ಯಾರೋ ಒಮ್ಮೆ ಮೇಣ ಹಚ್ಚಿದ್ದಾರೆ. ಅಂಚಿನ ಒಂದು ಕುಳಿಯಲ್ಲಿ ಬ್ರಷ್ ತಾಗಿದರೆ ಉದುರುವ ಬಿಳಿಚಿದ ಹಸಿರು ಪುಡಿಯಿದೆ. ಅಲ್ಲಿ 3443, 3356, 3312, ಮೂರೂ ಗೆರೆಗಳು ಬಿಡಿಬಿಡಿಯಾಗಿ. ಮೇಣದ ಸುಳಿವೂ ಇಲ್ಲ. ಮೇಣದ ಮೇಲೆ, ಮೇಣ ಹಚ್ಚಿದ ನಂತರ ಒಡೆದು ಬಂದ ಕ್ಲೈನೋಅಟಕಮೈಟ್ ಅದು ಎಂದು ನಾನು ಓದುತ್ತೇನೆ. ರೋಗ ಈಗಲೂ ಜೀವಂತ. ಆ ತುಂಡು ಸದ್ಯ ಸಿಲಿಕಾ ಜೆಲ್ ತುಂಬಿದ ಬಿಗಿ ಡಬ್ಬಿಯಲ್ಲಿ, 35 ಪ್ರತಿಶತಕ್ಕಿಂತ ಕಡಿಮೆ ಆರ್ದ್ರತೆಯಲ್ಲಿ ಇದೆ. ಈ ಕ್ರಿಯೆ ಚುರುಕಾಗುವುದು 42ರಿಂದ 46 ಪ್ರತಿಶತದ ಸುಮಾರಿಗೆ ಎಂಬುದು ಸಂರಕ್ಷಣಾ ತಜ್ಞರ ಮಾತು.

ಆ ಗಡಿಯನ್ನು ಕಣ್ಣಾರೆ ನೋಡಬೇಕೆಂದು ಜಾಡಿಗಳನ್ನು ಸಜ್ಜು ಮಾಡಿದ್ದೇನೆ. ತಾಮ್ರದ ತುಂಡುಗಳನ್ನು ಕ್ಯೂಪ್ರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಮೈಮೇಲೆ ನಾಂಟೊಕೈಟ್ ಕಟ್ಟುತ್ತದೆ. ಒಂದು ತುಂಡು ಮೆಗ್ನೀಸಿಯಂ ಕ್ಲೋರೈಡ್‌ನ ಪರ್ಯಾಪ್ತ ದ್ರಾವಣದ ಮೇಲೆ, ಅಲ್ಲಿ ಆರ್ದ್ರತೆ 33. ಒಂದು ಪೊಟ್ಯಾಸಿಯಂ ಕಾರ್ಬೊನೇಟ್ ಮೇಲೆ, 43. ಒಂದು ಅಡುಗೆ ಉಪ್ಪಿನ ಮೇಲೆ, 75. ಮುಚ್ಚಳಕ್ಕೆ ತೂತು ಕೊರೆದು ತೆಳು ಕವರ್ ಗಾಜು ಅಂಟಿಸಿದ್ದೇನೆ, ಜಾಡಿ ತೆರೆಯದೆಯೇ ಲೇಸರ್ ಒಳಗೆ ಹೋಗಲಿ ಎಂದು. ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಕ್ಷಾರವಾದ್ದರಿಂದ ತುಂಡನ್ನು ಎತ್ತರದ ಗಾಜಿನ ಪೀಠದ ಮೇಲೆ ಕೂರಿಸಬೇಕು, ಒಂದು ಹನಿಯೂ ಸಿಡಿಯಬಾರದು. 75ರಲ್ಲಿ ಹಸಿರು ಬೇಗ ಏಳುತ್ತದೆ, 33ರಲ್ಲಿ ಏಳಬಾರದು. ನನ್ನ ಕಣ್ಣು ಇರುವುದು 43ರ ಜಾಡಿಯ ಮೇಲೆ. ಅದರಲ್ಲಿ 3350ರ ಗೆರೆ ಯಾವಾಗ ತಲೆ ಎತ್ತುತ್ತದೆ, ಮೊದಲು ಮೂಡುವುದು ಎರಡು ಗೆರೆಗಳೋ ಮೂರೋ ಎಂಬುದನ್ನು ಮುಂದಿನ ಸಲ ಬರೆಯುತ್ತೇನೆ.